ಹಳೆಯ ಪವರ್ ಟಿಲ್ಲರುಗಳ ಜೀರ್ಣೋದ್ಧಾರ

(ವ್ಯವಸಾಯ ಇನ್‌ಸ್ಪೆಕ್ಟರೊಬ್ಬರ ಅಭಿಪ್ರಾಯ)

ಜೀರ್ಣವಾದ ದೇವಾಲಯವನ್ನು ಎತ್ತಿ ನಿಲ್ಲಿಸುವುದು ನಮ್ಮ ಗ್ರಾಮಗಳಲ್ಲಿ ಹಿಂದಿನಿಂದಲೂ ಬಂದ ಸಂಪ್ರದಾಯವಾಗಿದೆ. ಹೂಳು ತುಂಬಿದ ಕೆರೆಯನ್ನು ತೋಡಿಸುವುದೂ ಪುಣ್ಯಕಾರ್ಯವೆಂದೇ ಎಣಿಸಲ್ಪಟ್ಟಿದೆ. ಆದರೆ ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತ ನಿಂತಿರುವ ವ್ಯವಸಾಯದ ಯಂತ್ರವನ್ನು ಪುನಃ ನಡೆಯಿಸಬೇಕೆಂದು ಯೋಚಿಸತಕ್ಕವರು ವಿರಳ. ಅದರ ಮೇಲೆ ಕೋಳಿಗಳು ಕೂರುತ್ತವೆ, ಹುಲ್ಲಿನ ಹೊರೆ ಏರುತ್ತದೆ, ಕಡೆಗೊಂದು ದಿನ ಗುಜರಿಯವನು ಬಂದು ಕಿಲೋ ಲೆಕ್ಕದಲ್ಲಿ ತೂಗಿಸಿಕೊಂಡು ಹೋಗುತ್ತಾನೆ. ಶಿವಮೊಗ್ಗ ಭದ್ರಾವತಿಗಳ ನಡುವೆ ಇರುವ ಮಲವಗೊಪ್ಪದಲ್ಲಿಯೂ ಅದರ ಸುತ್ತಿನ ಗ್ರಾಮಗಳಲ್ಲಿಯೂ ಇಂತಹ ಗತಿಗಾಗಿ ಕಾದು ನಿಂತಿರುವ ಹಳೆಯ ಪವರ್ ಟಿಲ್ಲರುಗಳು ಕಣ್ಣಿಗೆ ಬೀಳುತ್ತವೆ. ಇವುಗಳಲ್ಲಿ ಬಹುಭಾಗವು ಸತ್ತ ಯಂತ್ರಗಳಲ್ಲ, ಆರೈಕೆಯಿಲ್ಲದೆ ನಿಂತುಹೋದ ಯಂತ್ರಗಳು. ಇವನ್ನು ಅಲ್ಪವೆಚ್ಚದಿಂದ ಪುನಃ ಗದ್ದೆಗೆ ಇಳಿಸಬಹುದೆಂದೂ, ಒಬ್ಬೊಬ್ಬರಾಗಿ ಮಾಡುವುದಕ್ಕಿಂತ ಗ್ರಾಮದ ಮುಖಂಡರು ಮುಂದೆ ನಿಂತು ಮಾಡಿಸಿದರೆ ಈ ಕೆಲಸವು ಸುಲಭಸಾಧ್ಯವೆಂದೂ ಹೇಳುವುದೇ ಈ ಲೇಖನದ ಉದ್ದೇಶ.

ಯಂತ್ರದ ಪೂರ್ವೋತ್ತರ

ಮನುಷ್ಯನು ಹಿಂದೆ ನಡೆಯುತ್ತ, ಎರಡು ಹಿಡಿಗಳಿಂದ ನಡೆಸತಕ್ಕ ಈ ಯಂತ್ರವು ನೇಗಿಲಿನಂತೆ ಮಣ್ಣನ್ನು ಸೀಳುವುದಿಲ್ಲ. ತಿರುಗುವ ದಂಡಕ್ಕೆ ಕಟ್ಟಿದ ಬಾಗಿದ ಅಲಗುಗಳಿಂದ ಮಣ್ಣನ್ನು ಕೊಚ್ಚಿ ಕಲಸುತ್ತದೆ. ಈ ತತ್ತ್ವವನ್ನು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಸ್ವಿಟ್ಜರ್ಲೆಂಡಿನ ಕೊನ್ರಾಡ್ ಫಾನ್ ಮೇಯೆನ್‌ಬುರ್ಗ್ ಎಂಬವರು ರೂಢಿಗೆ ತಂದರು. ಆಸ್ಟ್ರೇಲಿಯದ ಆರ್ಥರ್ ಕ್ಲಿಫರ್ಡ್ ಹೋವರ್ಡ್ ಎಂಬವರು ೧೯೧೨ರಲ್ಲಿ ತಮ್ಮ ತಂದೆಯ ಹೊಲದಲ್ಲಿಯೇ ಇದೇ ಪ್ರಯೋಗದಲ್ಲಿ ತೊಡಗಿದರು. ಇದು ಜಪಾನಿನ ಸಣ್ಣ ಭತ್ತದ ಗದ್ದೆಗಳಿಗೆ ಹೇಳಿ ಮಾಡಿಸಿದಂತೆ ಒಪ್ಪಿತು. ನಮ್ಮ ದೇಶಕ್ಕೂ ೧೯೬೦ರ ದಶಕದಲ್ಲಿ ಜಪಾನಿನ ಮೂಲಕವೇ ಬಂದಿತು. ೧೯೬೭ರಲ್ಲಿ ಬೆಂಗಳೂರಿನಲ್ಲಿ ವಿ. ಎಸ್. ಟಿ. ಸಂಸ್ಥೆಯು ಜಪಾನಿನ ಮಿತ್ಸುಬಿಶಿಯವರ ಸಹಕಾರದಿಂದ ಸ್ಥಾಪಿತವಾಯಿತು. ೧೯೭೩ರಲ್ಲಿ ಕೇರಳ ಸರ್ಕಾರದವರ ಕ್ಯಾಮ್ಕೊ ಕಾರ್ಖಾನೆಯು ಅತ್ತಾಣಿಯಲ್ಲಿ ನೆಲೆಗೊಂಡು, ಕುಬೋಟಾ ಮಾದರಿಯ ಟಿಲ್ಲರುಗಳನ್ನು ತಯಾರಿಸಿತು. ನಮ್ಮ ಜಿಲ್ಲೆಯ ಕೊಟ್ಟಿಗೆಗಳಲ್ಲಿ ಕಾಣುವ ಹಳೆಯ ಯಂತ್ರಗಳು ಸಾಮಾನ್ಯವಾಗಿ ಈ ಎರಡು ಮನೆತನಗಳಿಗೆ ಸೇರಿದವುಗಳೇ. ಒಂದೇ ಸಿಲಿಂಡರು, ನೀರಿನಿಂದ ತಣಿಯುವ ಡೀಸೆಲ್ ಎಂಜಿನು, ಹನ್ನೆರಡು ಹದಿಮೂರು ಕುದುರೆ ಶಕ್ತಿ, ಕೈಯಿಂದ ತಿರುವಿ ಚಾಲೂ ಮಾಡುವ ಕ್ರಮ: ಇಷ್ಟೇ ಅವುಗಳ ಗುಟ್ಟು. ವಿದ್ಯುತ್ತಿನ ಸೂಕ್ಷ್ಮ ಉಪಕರಣಗಳು ಇಲ್ಲದ ಕಾರಣ, ಕಬ್ಬಿಣದ ಕೆಲಸ ಬಲ್ಲವರು ಇದನ್ನು ಬಿಚ್ಚಿ ಕಟ್ಟಬಲ್ಲರು.

ಇದರಿಂದಾದ ಉಪಕಾರವನ್ನು ಲೆಕ್ಕದಿಂದಲೇ ತಿಳಿಯಬಹುದು. ಅರ್ಧ ಅಡಿ ಅಗಲದ ಸಾಲು ಬಿಡುವ ನಾಡ ನೇಗಿಲಿನಿಂದ ಒಂದು ಎಕರೆಯನ್ನು ಒಂದು ಸಲ ಉಳುವುದಕ್ಕೆ ರೈತನೂ ಅವನ ಎತ್ತುಗಳೂ ಸುಮಾರು ೨೬ ಕಿಲೋಮೀಟರು ನಡೆಯಬೇಕು. ಎರಡು ಅಡಿ ಅಗಲ ಕೊಚ್ಚುವ ಟಿಲ್ಲರಿನ ಹಿಂದೆಯಾದರೆ ಆರೂವರೆ ಕಿಲೋಮೀಟರು ನಡೆದರೆ ಸಾಕು. ಗಂಟೆಗೆ ಎರಡು ಕಿಲೋಮೀಟರಿನ ನಡಿಗೆಯಲ್ಲಿ, ತಿರುಗಿಸುವ ಹೊತ್ತನ್ನೂ ಸೇರಿಸಿದರೆ, ನಾಲ್ಕು ಗಂಟೆಗಳಲ್ಲಿ ಒಂದು ಎಕರೆ ಮುಗಿಯುತ್ತದೆ.

ಈಗ ಈ ಮಾತು ಏತಕ್ಕೆ?

ತುಂಗೆ ಭದ್ರೆಗಳ ನಡುವಣ ಈ ಸೀಮೆಗೆ ನೀರಿನ ಭಾಗ್ಯವುಂಟು. ಗಾಜನೂರಿನ ಅಣೆಕಟ್ಟಿನಿಂದ ತುಂಗಾ ನಾಲೆಗಳೂ, ಲಕ್ಕವಳ್ಳಿಯ ಅಣೆಕಟ್ಟಿನಿಂದ ಭದ್ರಾ ನಾಲೆಗಳೂ ಜಿಲ್ಲೆಯ ಗದ್ದೆಗಳಿಗೆ ಹರಿಯುತ್ತವೆ. ಆದರೆ ನಾಲೆಯ ನೀರಿಗೆ ಒಂದು ಸ್ವಭಾವವಿದೆ: ಅದು ಬಂದಾಗ ಎಲ್ಲರಿಗೂ ಒಟ್ಟಿಗೆ ಬರುತ್ತದೆ. ಎಲ್ಲರ ಸಸಿಮಡಿಯೂ ಒಂದೇ ವಾರದಲ್ಲಿ ಹದಕ್ಕೆ ಬರುತ್ತದೆ. ಎಲ್ಲರಿಗೂ ಒಂದೇ ವಾರದಲ್ಲಿ ಗದ್ದೆ ಕೆಸರು ಮಾಡುವ ಯಂತ್ರ ಬೇಕಾಗುತ್ತದೆ. ಉಳುವ ಎತ್ತಿನ ಜೋಡಿಗಳು ಊರಿನಲ್ಲಿ ಬೆರಳೆಣಿಕೆಗೆ ಇಳಿದಿವೆ. ಆದುದರಿಂದ ಬಾಡಿಗೆಯ ಟ್ರ್ಯಾಕ್ಟರಿನ ಸರದಿಗಾಗಿ ಸಣ್ಣ ಹಿಡುವಳಿದಾರನು ಕಾಯುತ್ತಾನೆ. ಟ್ರ್ಯಾಕ್ಟರಿನವನು ಮೊದಲು ದೊಡ್ಡ ತಾಕುಗಳಿಗೆ ಹೋಗುವುದು ಸಹಜವೇ. ಹತ್ತು ಗುಂಟೆಯ ನಾಲ್ಕು ಮಡಿಗಳಿಗೆ ಇಳಿದು ಹತ್ತುವುದರಲ್ಲಿ ಅವನಿಗೆ ಗಿಟ್ಟುವುದಿಲ್ಲ.

ಇತ್ತ ಸಸಿಯು ಯಾರಿಗೂ ಕಾಯುವುದಿಲ್ಲ. ಇಪ್ಪತ್ತೊಂದರಿಂದ ಇಪ್ಪತ್ತೈದು ದಿನದ ಸಸಿಯನ್ನು ನಾಟಿ ಮಾಡಿದರೆ ಅದು ಚೆನ್ನಾಗಿ ತೆಂಡೆ ಒಡೆಯುತ್ತದೆ. ನಲವತ್ತು ದಿನ ಕಳೆದ ಸಸಿಯು ಮಡಿಯಲ್ಲಿಯೇ ಮುದಿಯಾಗಿ, ಗದ್ದೆಯಲ್ಲಿ ನೆಟ್ಟ ಮೇಲೆ ಕಡಿಮೆ ತೆಂಡೆ ಕೊಡುತ್ತದೆ. ಗೊಬ್ಬರ ಎಷ್ಟು ಹಾಕಿದರೂ ಆ ನಷ್ಟವು ಪೂರ್ತಿಯಾಗಿ ತುಂಬಿಬರುವುದಿಲ್ಲ. ಹೀಗಿರಲಾಗಿ, ನೆರೆಮನೆಯ ಕೊಟ್ಟಿಗೆಯಲ್ಲಿ ಹದಿಮೂರು ಕುದುರೆ ಶಕ್ತಿಯ ಯಂತ್ರವೊಂದು ನಿದ್ರಿಸುತ್ತಿದ್ದರೆ, ಅದರಿಂದಾಗುವ ನಷ್ಟವು ಯಂತ್ರದ ಒಡೆಯನೊಬ್ಬನದೇ ಅಲ್ಲ. ಸರದಿಯ ಕೊನೆಯಲ್ಲಿ ನಿಂತವನ ಫಸಲೂ ಅದರೊಡನೆ ಕುಗ್ಗುತ್ತದೆ.

ಹಿಮದ ದೇಶಗಳಿಂದ ಒಂದು ಪಾಠ

ಈ ವಿಷಯದಲ್ಲಿ ಚಳಿದೇಶಗಳ ಗೃಹಸ್ಥರ ಒಂದು ಅಭ್ಯಾಸವನ್ನು ವಾಚಕರ ಗಮನಕ್ಕೆ ತರಬೇಕಾಗಿದೆ. ಕೆನಡಾ, ಅಮೆರಿಕ, ಉತ್ತರ ಜಪಾನುಗಳಲ್ಲಿ ಚಳಿಗಾಲದಲ್ಲಿ ಮನೆಬಾಗಿಲನ್ನೂ ದಾರಿಯನ್ನೂ ಮುಚ್ಚಿ ಹಿಮ ಬೀಳುತ್ತದೆ. ಕೆನಡಾದ ಆರ್ಥರ್ ಸಿಕಾರ್ಡ್ ಎಂಬವರು ೧೯೨೫ರಲ್ಲಿ ರಸ್ತೆಯ ಹಿಮವನ್ನು ಒಳಗೆಳೆದು ದೂರಕ್ಕೆ ತೂರುವ ದೊಡ್ಡ ಯಂತ್ರವನ್ನು ನಡೆಸಿ ತೋರಿಸಿದರು. ಮುಂದೆ ಅದೇ ತತ್ತ್ವದ ಸಣ್ಣ ಯಂತ್ರಗಳು ಬಂದವು. ನಮ್ಮ ಟಿಲ್ಲರಿನಂತೆಯೇ ಇವನ್ನೂ ಎರಡು ಹಿಡಿ ಹಿಡಿದು ಹಿಂದೆ ನಡೆಯುತ್ತ ನಡೆಸುತ್ತಾರೆ. ಎಂಜಿನು, ಬೆಲ್ಟು, ಗೇರಿನ ಪೆಟ್ಟಿಗೆ, ಮುಂದೆ ತಿರುಗುವ ಸುರುಳಿಯ ಅಲಗು: ಅಂಗಾಂಗಗಳಲ್ಲಿ ಇದು ಟಿಲ್ಲರಿನ ದಾಯಾದಿಯೇ ಸರಿ. ಜಪಾನಿನ ಯನ್ಮಾರ್, ಹೊಂಡಾ ಕಂಪೆನಿಗಳು ಎರಡು ಬಗೆಯ ಯಂತ್ರಗಳನ್ನೂ ತಯಾರಿಸಿವೆ.

ಆ ದೇಶಗಳಲ್ಲಿ ನಲವತ್ತು ಐವತ್ತು ವರ್ಷ ಹಳೆಯ ಹಿಮಯಂತ್ರಗಳನ್ನು ಹುಡುಕಿ ತಂದು, ಚಳಿಗಾಲಕ್ಕೆ ಮುಂಚೆ ಸಿದ್ಧಪಡಿಸಿ ನಡೆಸುವವರು ಬಹಳ ಮಂದಿ ಇದ್ದಾರೆ. ಅವರ ಕ್ರಮವು ಸರಳವಾದುದು: ಹಳೆಯ ಇಂಧನ ಚೆಲ್ಲುವುದು, ಇಂಧನದ ದಾರಿ ತೊಳೆಯುವುದು, ಎಣ್ಣೆ ಬದಲಿಸುವುದು, ಬಿರುಕುಬಿಟ್ಟ ಬೆಲ್ಟು ತೆಗೆಯುವುದು, ಆಮೇಲೆ ಮಾತ್ರ ಎಂಜಿನಿಗೆ ಕೈಹಾಕುವುದು. ಇದಲ್ಲದೆ ಆ ಯಂತ್ರದಲ್ಲಿ ಬುದ್ಧಿವಂತಿಕೆಯ ಒಂದು ಏರ್ಪಾಡು ಉಂಟು. ಸುರುಳಿಯ ಅಲಗನ್ನು ಅದರ ದಂಡಕ್ಕೆ ಬೇಕೆಂದೇ ಮೃದುವಾದ ಒಂದು ಕೀಲಿನಿಂದ ಕಟ್ಟಿರುತ್ತಾರೆ. ಕಲ್ಲೋ ಮಂಜುಗಡ್ಡೆಯೋ ಸಿಕ್ಕಿಕೊಂಡಾಗ ಆ ಕೀಲು ಮುರಿದು, ಬೆಲೆಬಾಳುವ ಗೇರು ಉಳಿಯುತ್ತದೆ. ಪದೇ ಪದೇ ಮುರಿಯುತ್ತದೆಂದು ಬೇಸತ್ತು ಗಟ್ಟಿಯಾದ ಉಕ್ಕಿನ ಬೋಲ್ಟು ತೂರಿಸಿದವನು ಮುಂದಿನ ಸಲ ಗೇರನ್ನೇ ಕಳೆದುಕೊಳ್ಳುತ್ತಾನೆ. ನಮ್ಮ ಟಿಲ್ಲರಿನಲ್ಲಿ ಈ ಕಾವಲುಗಾರನ ಕೆಲಸವನ್ನು ಬಹುಮಟ್ಟಿಗೆ ಎಂಜಿನಿನ ಬೆಲ್ಟುಗಳು ಮಾಡುತ್ತವೆ. ಬೇರಿಗೋ ಕಲ್ಲಿಗೋ ರೋಟರಿ ಸಿಕ್ಕಿದಾಗ ಅವು ಜಾರಿ ಗೇರನ್ನು ಕಾಪಾಡುತ್ತವೆ. ಬೆಲ್ಟು ಜಾರುತ್ತದೆಂದು ಅದನ್ನು ವೀಣೆಯ ತಂತಿಯಂತೆ ಬಿಗಿಯುವ ಪದ್ಧತಿ ನಮ್ಮಲ್ಲಿದೆ, ಇದನ್ನು ಬಿಡತಕ್ಕದ್ದು.

ಕೈಹಾಕುವುದಕ್ಕೆ ಮೊದಲು

ಯಂತ್ರವನ್ನು ಬಿಚ್ಚುವ ಆತುರ ಕೂಡದು. ಮೊದಲು ಬಯಲಿಗೆ ಎಳೆದು ತಂದು, ಮಣ್ಣನ್ನೂ ಜಿಡ್ಡನ್ನೂ ಸೀಮೆಎಣ್ಣೆಯಿಂದ ತೊಳೆದು, ಎಂಜಿನಿನ ಮೇಲಿರುವ ಫಲಕದಲ್ಲಿನ ಮಾದರಿಯ ಹೆಸರನ್ನೂ ಸಂಖ್ಯೆಯನ್ನೂ ಬರೆದುಕೊಳ್ಳಬೇಕು. ಈ ಸಂಖ್ಯೆ ಇಲ್ಲದೆ ಅಂಗಡಿಗೆ ಹೋದವನು ಬೇರೆ ಮಾದರಿಯ ಸಾಮಾನು ತಂದು ಎರಡು ಸಲ ದುಡ್ಡು ತೆರುತ್ತಾನೆ. ಆಮೇಲೆ ಎಂಜಿನಿನ ಮೈ, ನೀರಿನ ತೊಟ್ಟಿ, ಗೇರಿನ ಪೆಟ್ಟಿಗೆ ಇವುಗಳಲ್ಲಿ ಬಿರುಕುಂಟೇ ಎಂಬುದನ್ನು ನೋಡತಕ್ಕದ್ದು. ಇವು ಮೂರೂ ಸರಿಯಿದ್ದರೆ ಯಂತ್ರಕ್ಕೆ ಆಯುಸ್ಸು ಇದೆಯೆಂದೇ ತಿಳಿಯಬೇಕು.

ಮಲವಗೊಪ್ಪದ ಬಳಿಯ ಒಂದು ಮನೆಯಲ್ಲಿ ನಾನು ಪರೀಕ್ಷಿಸಿದ ಟಿಲ್ಲರು ಹನ್ನೆರಡು ಮಳೆಗಾಲಗಳಿಂದ ನಿಂತಿದ್ದಿತು. ಮನೆಯ ಯಜಮಾನರು ಎಂಜಿನು ಸತ್ತಿದೆಯೆಂದು ನಿಶ್ಚಯಿಸಿ, ಗುಜರಿಯವನಿಗೆ ಮಾತು ಕೊಟ್ಟಿದ್ದರು. ತೆರೆದು ನೋಡಲಾಗಿ, ಗಾಳಿಯ ಶೋಧಕದೊಳಗೆ ಇಲಿಯ ಗೂಡು. ಡೀಸೆಲ್ ತೊಟ್ಟಿಯ ತಳದಲ್ಲಿ ನೀರೂ ಕಪ್ಪು ಲೋಳೆಯೂ. ನಾಜಲ್ಲಿನ ಬಾಯಿ ಕಟ್ಟಿಹೋಗಿದ್ದಿತು. ಪಿಸ್ಟನ್ನು ಸಿಲಿಂಡರಿಗೆ ಅಂಟಿದ್ದಿತು. ನಾಲ್ಕು ದಿನ ಎಣ್ಣೆಯಲ್ಲಿ ನೆನೆಯಿಟ್ಟ ಮೇಲೆ ಐದನೆಯ ದಿನ ಪಿಸ್ಟನ್ನು ಸಡಿಲವಾಯಿತು. ಹೊಸದಾಗಿ ಹಾಕಿದ್ದು ನಾಜಲ್ಲು, ಇಂಧನದ ಶೋಧಕ ಮತ್ತು ಕೊಳವೆಗಳು, ಬೆಲ್ಟುಗಳು, ಎರಡು ಆಯಿಲ್ ಸೀಲುಗಳು, ಸವೆದ ಅಲಗುಗಳು ಇಷ್ಟೇ. ಲೈನರನ್ನಾಗಲಿ ರಿಂಗುಗಳನ್ನಾಗಲಿ ಮುಟ್ಟಬೇಕಾಗಿ ಬರಲಿಲ್ಲ. ಆ ಮನೆಯವರು ಆ ವರ್ಷದ ನಾಟಿಯನ್ನು ತಮ್ಮ ಯಂತ್ರದಿಂದಲೇ ಮುಗಿಸಿ, ಪಕ್ಕದ ಇಬ್ಬರ ಗದ್ದೆಗೂ ಕಳುಹಿಸಿದರು. ನಿಂತ ಯಂತ್ರಗಳಲ್ಲಿ ಬಹಳಷ್ಟರ ರೋಗವು ಇದೇ ಬಗೆಯದು: ಕೊಳೆ, ತುಕ್ಕು, ಗಾಳಿ ಮತ್ತು ಇಂಧನದ ದಾರಿಯ ತಡೆ.

ಎಂಜಿನಿನ ಶುಶ್ರೂಷೆ

ಮೊದಲನೆಯದಾಗಿ, ಕಂಪ್ರೆಷನ್ ಬಿಡುವ ಪಿಡಿಯನ್ನು ಒತ್ತಿ, ಕೈಯಿಂದ ಎಂಜಿನನ್ನು ಮೆಲ್ಲನೆ ತಿರುವಿ ನೋಡಬೇಕು. ತಿರುಗದಿದ್ದರೆ ಸುತ್ತಿಗೆಯಿಂದ ಹೊಡೆಯುವುದೂ ಉದ್ದ ಕೊಳವೆ ತೂರಿಸಿ ಬಲಾತ್ಕರಿಸುವುದೂ ಸರ್ವಥಾ ಕೂಡದು. ಕನೆಕ್ಟಿಂಗ್ ರಾಡು ಬಾಗಿದರೆ ಹತ್ತು ರೂಪಾಯಿಯ ಕೆಲಸ ಸಾವಿರಕ್ಕೆ ಏರುತ್ತದೆ. ನಾಜಲ್ಲನ್ನು ಬಿಚ್ಚಿ, ಆ ರಂಧ್ರದ ಮೂಲಕ ಸೀಮೆಎಣ್ಣೆಗೆ ತೆಳುವಾದ ಎಂಜಿನ್ ಎಣ್ಣೆ ಬೆರೆಸಿ ಹಾಕಿ, ಕೆಲವು ದಿನ ಬಿಡಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಟಿಲ್ಲರಿನ ಸಿಲಿಂಡರು ನಿಂತಿರುವುದಿಲ್ಲ, ಮಲಗಿರುತ್ತದೆ. ಹಾಕಿದ ಎಣ್ಣೆಯು ಕೆಳಮೈಯನ್ನು ಮಾತ್ರ ನೆನೆಸಿ, ಮೇಲ್ಮೈಯನ್ನು ಒಣಗಿದಂತೆಯೇ ಬಿಡುತ್ತದೆ. ಆದಕಾರಣ ಸಿಲಿಂಡರಿನ ತಲೆಯ ಭಾಗವು ಮೇಲಾಗುವಂತೆ ಯಂತ್ರವನ್ನು ಮರದ ದಿಮ್ಮಿಗಳ ಮೇಲೆ ಭದ್ರವಾಗಿ ಏರಿಸಿ ನಿಲ್ಲಿಸಿದರೆ, ಎಣ್ಣೆಯು ಪಿಸ್ಟನ್ನಿನ ಸುತ್ತಲೂ ಇಳಿಯುತ್ತದೆ. ದಿನಕ್ಕೆರಡು ಸಲ ಗಾಲಿಯನ್ನು ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪ ಅಲುಗಿಸುತ್ತ ಬಂದರೆ ಅಂಟು ಬಿಡುತ್ತದೆ. ತಾಳ್ಮೆಯೇ ಇಲ್ಲಿ ಮುಖ್ಯವಾದ ಆಯುಧ.

ಎರಡನೆಯದು, ಇಂಧನದ ದಾರಿ. ಹಳೆಯ ಡೀಸೆಲನ್ನು ಪೂರ್ತಿಯಾಗಿ ಚೆಲ್ಲಿ, ತೊಟ್ಟಿಯನ್ನು ಶುದ್ಧ ಡೀಸೆಲಿನಿಂದಲೇ ತೊಳೆಯಬೇಕು, ನೀರಿನಿಂದ ತೊಳೆಯಲಾಗದು. ಶೋಧಕವನ್ನು ಹೊಸದಾಗಿ ಹಾಕಿ, ಕೊಳವೆಯಲ್ಲಿ ಸೇರಿದ ಗಾಳಿಯನ್ನು ಗುಳ್ಳೆಗಳು ನಿಲ್ಲುವ ತನಕ ಬಿಡಬೇಕು. ಡೀಸೆಲ್ ಎಂಜಿನು ಚಾಲೂ ಆಗದಿರುವುದಕ್ಕೆ ಅನೇಕ ವೇಳೆ ಈ ಗಾಳಿಯೇ ಕಾರಣ. ನಾಜಲ್ಲು ಮಂಜಿನಂತೆ ಸಿಂಪಡಿಸಬೇಕು. ಹನಿಹನಿಯಾಗಿ ತೊಟ್ಟಿಕ್ಕಿದರೆ ಅದು ಕೆಟ್ಟಿದೆ. ಈ ಪರೀಕ್ಷೆಯನ್ನು ನಾಜಲ್ ಪರೀಕ್ಷಿಸುವ ಯಂತ್ರವಿರುವ ಕಡೆಯಲ್ಲಿಯೇ ಮಾಡಿಸತಕ್ಕದ್ದು. ಸಿಂಪಡಿಸುವ ನಾಜಲ್ಲಿನ ಮುಂದೆ ಅಂಗೈಯೊಡ್ಡುವ ದುರಭ್ಯಾಸವನ್ನು ನಾನು ಕಂಡಿದ್ದೇನೆ. ಆ ಒತ್ತಡದ ಡೀಸೆಲು ಚರ್ಮವನ್ನು ತೂರಿ ಒಳಹೊಕ್ಕು, ಬೆರಳನ್ನೋ ಕೈಯನ್ನೋ ಕತ್ತರಿಸಬೇಕಾದ ಸ್ಥಿತಿಗೆ ತರಬಲ್ಲದು. ಹಾಗೇನಾದರೂ ಆದರೆ ಗಾಯವು ಸೂಜಿಮೊನೆಯಷ್ಟೇ ಕಂಡರೂ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಮೂರನೆಯದು, ಎಣ್ಣೆ. ಕೆಳಗಿನ ತಿರುಪನ್ನು ಬಿಚ್ಚಿ ಹಳೆಯ ಎಣ್ಣೆಯ ಬಣ್ಣವನ್ನು ನೋಡಬೇಕು. ಕಪ್ಪಗಿದ್ದರೆ ಭಯವಿಲ್ಲ, ಮಜ್ಜಿಗೆಯಂತೆ ಬೆಳ್ಳಗಿದ್ದರೆ ನೀರು ಸೇರಿದೆಯೆಂದು ಅರ್ಥ, ಆ ದಾರಿಯನ್ನು ಕಂಡುಹಿಡಿದು ಮುಚ್ಚಿದ ಹೊರತು ಮುಂದುವರಿಯಬಾರದು. ಹೊಸ ಎಣ್ಣೆಯನ್ನು ಗುರುತಿನ ಮಟ್ಟಕ್ಕೆ ಹಾಕಿ, ಇಂಧನವನ್ನು ನಿಲ್ಲಿಸಿ, ಎಂಜಿನನ್ನು ಕೈಯಿಂದ ಹಲವು ಸುತ್ತು ತಿರುವಿದರೆ, ವರ್ಷಗಟ್ಟಲೆ ಒಣಗಿದ್ದ ಬೇರಿಂಗುಗಳಿಗೆ ಎಣ್ಣೆ ತಲಪುತ್ತದೆ. ಗಾಳಿಯ ಶೋಧಕವು ಎಣ್ಣೆಯ ಬಟ್ಟಲಿನದಾಗಿದ್ದರೆ, ಬಟ್ಟಲನ್ನು ತೊಳೆದು ಹೊಸ ಎಣ್ಣೆ ತುಂಬಬೇಕು. ನೀರಿನ ತೊಟ್ಟಿಯ ಕೆಸರನ್ನು ಕಡ್ಡಿಯಿಂದ ಕೆದಕಿ ತೆಗೆದು, ತಿಳಿನೀರು ಹಾಕಬೇಕು.

ಮೊದಲ ಚಾಲನೆ

ಈ ಕೆಲಸವನ್ನು ಬಯಲಿನಲ್ಲಿಯೇ ಮಾಡತಕ್ಕದ್ದು. ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನಿನ ಹೊಗೆಯು ಪ್ರಾಣಾಪಾಯಕರವಾದದ್ದು. ತಿರುವುವ ಹಿಡಿಯನ್ನು ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲಿಯೇ ಇರಬೇಕು. ಹಿಡಿಯ ಸುತ್ತ ಸುತ್ತಿಕೊಂಡ ಹೆಬ್ಬೆರಳು ಎಂಜಿನು ಹಿಂದಕ್ಕೆ ಒದ್ದಾಗ ಮುರಿಯುತ್ತದೆ. ಪಂಚೆಯ ಸೆರಗು, ಹೆಗಲಿನ ಟವಲು ಇವು ಬೆಲ್ಟಿನ ಹತ್ತಿರ ಸುಳಿಯಬಾರದು.

ಸಿಲಿಂಡರಿಗೆ ನೆನೆಯಲು ಹಾಕಿದ ಎಣ್ಣೆಯು ಉಳಿದಿದ್ದರೆ, ಡೀಸೆಲ್ ಎಂಜಿನು ಅದನ್ನೇ ಇಂಧನವಾಗಿ ಸುಟ್ಟು, ನಿಲ್ಲಿಸುವ ಪಿಡಿಗೂ ಬಗ್ಗದೆ ವೇಗವಾಗಿ ಓಡತೊಡಗುವ ಸಂಭವವಿದೆ. ಆದ್ದರಿಂದ ನಾಜಲ್ಲು ಕೂರಿಸುವ ಮೊದಲು ಎಂಜಿನು ತಿರುವಿ ಆ ಎಣ್ಣೆಯನ್ನು ಹೊರಹಾಕಬೇಕು. ಚಾಲೂ ಮಾಡುವಾಗ ಒಬ್ಬನು ಗಾಳಿಯ ಬಾಯಿಯನ್ನು ಮುಚ್ಚುವಷ್ಟು ದೊಡ್ಡ ಹಲಗೆಯೊಂದನ್ನು ಹಿಡಿದು ಸಿದ್ಧನಾಗಿ ನಿಲ್ಲತಕ್ಕದ್ದು. ಗಾಳಿ ನಿಂತರೆ ಎಂಜಿನೂ ನಿಲ್ಲುತ್ತದೆ.

ಚಾಲೂ ಆದ ಮೇಲೆ ಹೊಗೆಯೇ ರೋಗಲಕ್ಷಣವನ್ನು ತಿಳಿಸುತ್ತದೆ. ಮೊದಲ ಕೆಲವು ನಿಮಿಷ ಬಿಳಿ ಹೊಗೆ ಬರುವುದು ಸ್ವಾಭಾವಿಕ. ಬಿಡದೆ ಬಂದರೆ ನೀರು ಸೇರಿದೆ ಅಥವಾ ಕಂಪ್ರೆಷನ್ ಸಾಲದು. ಕಪ್ಪು ಹೊಗೆಯಾದರೆ ಗಾಳಿ ಸಾಲದು ಅಥವಾ ನಾಜಲ್ಲು ಸರಿಯಿಲ್ಲ. ನೀಲಿ ಹೊಗೆಯು ಎಣ್ಣೆ ಸುಡುತ್ತಿರುವುದರ ಗುರುತು. ರಿಂಗು ಲೈನರುಗಳ ಸವೆತವನ್ನು ಆಗ ಪರೀಕ್ಷಿಸಬೇಕು. ಅರ್ಧ ಗಂಟೆ ಹೊರೆಯಿಲ್ಲದೆ ಓಡಿಸಿ, ತಿರುಪುಗಳನ್ನು ಮತ್ತೊಮ್ಮೆ ಬಿಗಿದು, ಮೊದಲು ಒಣಭೂಮಿಯಲ್ಲಿ ನಡೆಸಿ ನೋಡಿ, ಅನಂತರವೇ ಕೆಸರಿಗೆ ಇಳಿಸತಕ್ಕದ್ದು.

ಬೆಲ್ಟು, ಗೇರು, ರೋಟರಿ

ಬೆಲ್ಟುಗಳು ಎರಡೋ ಮೂರೋ ಇದ್ದರೆ, ಒಂದು ಹರಿದರೂ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕು. ಹಳತು ಹೊಸತು ಬೆರೆತರೆ ಹೊರೆಯೆಲ್ಲ ಹೊಸದರ ಮೇಲೆ ಬಿದ್ದು ಅದೂ ಬೇಗನೆ ಹಾಳಾಗುತ್ತದೆ. ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಒಂದು ಬೆರಳಿನ ದಪ್ಪದಷ್ಟು ತಗ್ಗಿದರೆ ಬಿಗಿ ಸರಿಯಾಗಿದೆ. ಅಚ್ಚಿನ ಮತ್ತು ರೋಟರಿಯ ಆಯಿಲ್ ಸೀಲುಗಳು ಅಲ್ಪ ಬೆಲೆಯ ರಬ್ಬರಿನ ಬಳೆಗಳು. ಆದರೆ ಅವು ಹರಿದಾಗ ಗದ್ದೆಯ ಕೆಸರುನೀರು ಗೇರಿನ ಪೆಟ್ಟಿಗೆಗೆ ನುಗ್ಗಿ ಬೇರಿಂಗುಗಳನ್ನು ತಿಂದುಹಾಕುತ್ತದೆ. ರೋಟರಿಯ ಅಲಗುಗಳಲ್ಲಿ ಎಡದವು ಬೇರೆ, ಬಲದವು ಬೇರೆ. ಬಿಚ್ಚುವ ಮೊದಲು ಸುಣ್ಣದಿಂದ ಗುರುತು ಹಾಕಿಕೊಳ್ಳದೆ ಜೋಡಿಸಿದರೆ ಮಣ್ಣು ಒಂದು ಕಡೆ ದಿಬ್ಬ, ಒಂದು ಕಡೆ ಹಳ್ಳವಾಗಿ, ಮಟ್ಟದ ಗದ್ದೆಯೂ ಕೆಡುತ್ತದೆ.

ನಡೆಸುವವನು ಅರಿಯಬೇಕಾದ ಇನ್ನೊಂದು ಸಂಗತಿಯುಂಟು. ಮಟ್ಟದ ನೆಲದಲ್ಲಿ ಬಲಗೈಯ ಕ್ಲಚ್ಚು ಒತ್ತಿದರೆ ಯಂತ್ರವು ಬಲಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಾದರೋ ಒತ್ತಿದ ಕಡೆಯ ಗಾಲಿಯು ಬಿಡುಗಡೆ ಹೊಂದಿ ಮುಂದೆ ಓಡುವುದರಿಂದ ಯಂತ್ರವು ಎಡಕ್ಕೆ ತಿರುಗಬಹುದು. ಟ್ರೇಲರು ಕಟ್ಟಿಕೊಂಡು ನಾಲೆಯ ಏರಿಯಿಂದ ಇಳಿಯುವವನಿಗೆ ಇದು ತಿಳಿಯದಿದ್ದರೆ ನೀರಿನ ಪಾಲಾಗುವುದು ಖಂಡಿತ. ಹಿಂದಕ್ಕೆ ನಡೆಸುವಾಗ ರೋಟರಿಯನ್ನು ನಿಲ್ಲಿಸಿಯೇ ನಡೆಸಬೇಕೆಂಬುದಕ್ಕೆ ಯಾವ ವಿನಾಯಿತಿಯೂ ಇಲ್ಲ.

ಆಕ್ಷೇಪಣೆಗಳು

ಕೆಲವರು ಹೀಗೆ ಕೇಳಬಹುದು: “ಟ್ರ್ಯಾಕ್ಟರು ಒಂದು ಗಂಟೆಯಲ್ಲಿ ಮಾಡುವ ಕೆಲಸಕ್ಕೆ ಈ ಮುದಿ ಯಂತ್ರವೇಕೆ?” ವಿಶಾಲವಾದ ತಾಕುಗಳಲ್ಲಿ ಟ್ರ್ಯಾಕ್ಟರೇ ಮೇಲೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಬದುಗಳಿಂದ ತುಂಡಾದ ಸಣ್ಣ ಮಡಿಗಳಲ್ಲಿಯೂ, ಭಾರ ತಡೆಯದೆ ಹೂಳುವ ಜೌಗು ಗದ್ದೆಗಳಲ್ಲಿಯೂ ಟಿಲ್ಲರಿಗೆ ಸಮನಾದುದಿಲ್ಲ. ಒಂಬತ್ತು ಅಡಿಗೊಂದರಂತೆ ನೆಟ್ಟ ಅಡಿಕೆಯ ಸಾಲುಗಳ ನಡುವೆ ದೊಡ್ಡ ಟ್ರ್ಯಾಕ್ಟರು ನಿರಾಯಾಸವಾಗಿ ತಿರುಗಲಾರದು. ಅಡಿಕೆಯ ಬೇರುಗಳು ಮೇಲುಪದರದಲ್ಲಿಯೇ ಹರಡುವುದರಿಂದ ಅಲ್ಲಿ ರೋಟರಿಯನ್ನು ಆಳಕ್ಕೆ ಇಳಿಸಬಾರದೆಂಬುದನ್ನು ಮಾತ್ರ ಮರೆಯಕೂಡದು.

“ಸರ್ಕಾರದವರ ಸಹಾಯಧನದಿಂದ ಹೊಸದನ್ನೇ ಕೊಳ್ಳಬಾರದೇ? ಬಾಡಿಗೆ ಕೇಂದ್ರಗಳಿಲ್ಲವೇ?” ಎಂಬುದು ಎರಡನೆಯ ಪ್ರಶ್ನೆ. ಕೊಳ್ಳಬಲ್ಲವರು ಕೊಳ್ಳಲಿ. ೨೦೧೪–೧೫ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳಿಂದ ಅನೇಕರಿಗೆ ಉಪಕಾರವಾಗಿದೆ. ಆದರೆ ನೀರು ಬಿಟ್ಟ ವಾರದಲ್ಲಿ ಯಾವ ಕೇಂದ್ರವೂ ಎಲ್ಲರಿಗೂ ಯಂತ್ರ ಒದಗಿಸಲಾರದು. ಸಹಾಯಧನದಿಂದ ಕೊಂಡ ಹೊಸ ಯಂತ್ರವೂ ಆರೈಕೆಯಿಲ್ಲದಿದ್ದರೆ ಕೆಲವೇ ವರ್ಷಗಳಲ್ಲಿ ಹಳೆಯದರ ಪಕ್ಕದಲ್ಲಿಯೇ ಹೋಗಿ ನಿಲ್ಲುತ್ತದೆ. ಹಳೆಯದನ್ನು ಎಬ್ಬಿಸಲು ಕಲಿತ ಊರು ಹೊಸದನ್ನು ಉಳಿಸಿಕೊಳ್ಳಲೂ ಕಲಿಯುತ್ತದೆ.

ಮೂರನೆಯದು, ದುಡಿಯುವವನ ದೇಹದ ಪ್ರಶ್ನೆ, ಇದು ನ್ಯಾಯವಾದದ್ದೇ. ಹಳೆಯ ಟಿಲ್ಲರು ಭಾರವಾದದ್ದು, ಅದರ ಅದುರುವಿಕೆಯಿಂದ ಕೈಗಳು ಜೋಮು ಹಿಡಿಯುತ್ತವೆ. ಹಿಡಿಗಳಿಗೆ ಹೊಸ ರಬ್ಬರು ಹಾಕಿಸಿ, ಎಂಜಿನಿನ ಬುಡದ ಬೋಲ್ಟುಗಳನ್ನು ಬಿಗಿಸಿ, ಇಬ್ಬರು ಸರದಿಯ ಮೇಲೆ ನಡೆಸುವಂತೆ ಏರ್ಪಡಿಸುವುದು ಜಮೀನುದಾರರ ಧರ್ಮ. ಒಬ್ಬನನ್ನೇ ಬೆಳಗಿನಿಂದ ಸಂಜೆಯ ವರೆಗೆ ಅದರ ಹಿಂದೆ ನಡೆಯಿಸುವುದು ಸರಿಯಲ್ಲ.

ಎಲ್ಲ ಹಳೆಯ ಯಂತ್ರಗಳನ್ನೂ ಉಳಿಸಬೇಕೆಂದು ನಾನು ಹೇಳುವುದಿಲ್ಲ. ಎಂಜಿನಿನ ಮೈಯೋ ಗೇರಿನ ಪೆಟ್ಟಿಗೆಯೋ ಒಡೆದಿದ್ದರೆ, ಅಥವಾ ದುರಸ್ತಿಯ ಅಂದಾಜು ಹೊಸದರ ಬೆಲೆಯ ಮೂರರಲ್ಲೊಂದು ಭಾಗವನ್ನು ಮೀರಿದರೆ, ಕೈಬಿಡುವುದೇ ವಿವೇಕ. ಆಗಲೂ ಗುಜರಿಗೆ ಕೊಡುವುದಕ್ಕೆ ಮೊದಲು ಅದರ ಒಳ್ಳೆಯ ಅಂಗಗಳನ್ನು ತೆಗೆದಿಟ್ಟುಕೊಂಡರೆ, ಅದೇ ಮಾದರಿಯ ಮತ್ತೊಂದು ಯಂತ್ರಕ್ಕೆ ಜೀವ ಬರುತ್ತದೆ. ಎರಡು ಕೆಟ್ಟ ಟಿಲ್ಲರುಗಳಿಂದ ಒಂದು ಒಳ್ಳೆಯ ಟಿಲ್ಲರು ಆಗುವುದು ಅಪರೂಪವೇನಲ್ಲ.

ಗ್ರಾಮದ ಮುಖಂಡರು ಮಾಡಬೇಕಾದ್ದು

ಭದ್ರಾವತಿಯು ೧೯೨೩ರಲ್ಲಿಯೇ ಕಾಡಿನ ಇದ್ದಿಲಿನಿಂದ ಕಬ್ಬಿಣ ಕರಗಿಸತೊಡಗಿದ ಊರು. ಅಲ್ಲಿಯೂ ಶಿವಮೊಗ್ಗದಲ್ಲಿಯೂ ಎರಕ, ಲೇತು, ಬೆಸುಗೆಗಳ ಕೆಲಸ ಬಲ್ಲ ಕುಶಲರಿಗೆ ಕೊರತೆಯಿಲ್ಲ. ಇಂತಹ ಎರಡು ಪಟ್ಟಣಗಳ ನಡುವೆ ಇದ್ದುಕೊಂಡು, ಕಬ್ಬಿಣದ ಯಂತ್ರವನ್ನು ತೂಕಕ್ಕೆ ಮಾರುವುದು ನಮಗೆ ಶೋಭಿಸುವ ಸಂಗತಿಯಲ್ಲ. ಊರಿನ ಹಿರಿಯರೂ ಪಂಚಾಯಿತಿಯ ಮುಖ್ಯಸ್ಥರೂ ದೊಡ್ಡ ಹಿಡುವಳಿಯವರೂ ಸೇರಿ ಈ ಕೆಳಗಿನ ನಾಲ್ಕು ಕೆಲಸಗಳನ್ನು ಕೈಕೊಂಡರೆ ಸಾಕು.

ಒಂದು: ಯುಗಾದಿಯೊಳಗಾಗಿ ಊರಿನಲ್ಲಿ ನಿಂತಿರುವ ಟಿಲ್ಲರುಗಳ ಯಾದಿ ಬರೆಯಿಸಬೇಕು, ಒಡೆಯರ ಹೆಸರು, ಮಾದರಿ, ನಿಂತು ಎಷ್ಟು ವರ್ಷ, ಎಂಜಿನು ತಿರುಗುತ್ತದೆಯೇ ಇಲ್ಲವೇ, ಇಷ್ಟಿದ್ದರೆ ಸಾಕು.

ಎರಡು: ಯಂತ್ರದಲ್ಲಿ ಆಸಕ್ತಿಯಿರುವ ಇಬ್ಬರು ಹುಡುಗರನ್ನು ಆರಿಸಿ, ಪಟ್ಟಣದ ಒಳ್ಳೆಯ ಮೆಕ್ಯಾನಿಕ್ಕನ ಬಳಿ ಬೇಸಿಗೆಯ ಎರಡು ತಿಂಗಳು ಕಲಿಯಲು ಬಿಡಬೇಕು. ಕೈಗಾರಿಕಾ ತರಬೇತಿ ಪಡೆದು ಕೆಲಸವಿಲ್ಲದೆ ಮನೆಯಲ್ಲಿರುವ ಹುಡುಗರಿದ್ದರೆ ಇನ್ನೂ ಅನುಕೂಲ. ಅವರ ಕೂಲಿಯನ್ನು ಊರವರು ಸಕಾಲಕ್ಕೆ ಕೊಡತಕ್ಕದ್ದು. ಪುಕ್ಕಟೆಯಾಗಿ ಮಾಡಿಸಿಕೊಂಡರೆ ಕಲಿತ ಹುಡುಗನು ಮರುವರ್ಷವೇ ಬೆಂಗಳೂರಿನ ಬಸ್ಸು ಹತ್ತುತ್ತಾನೆ.

ಮೂರು: ನಾಜಲ್ಲು, ಶೋಧಕ, ಒಂದು ಜೊತೆ ಬೆಲ್ಟು, ಆಯಿಲ್ ಸೀಲು, ಅಲಗುಗಳು ಮತ್ತು ಅವುಗಳ ಬೋಲ್ಟುಗಳು: ಇವಿಷ್ಟನ್ನು ಊರಿಗೊಂದು ಪೆಟ್ಟಿಗೆಯಲ್ಲಿ ಇರಿಸಿ, ಬಳಸಿದವರು ಬೆಲೆ ಕೊಟ್ಟು ತುಂಬುವಂತೆ ಏರ್ಪಡಿಸಬೇಕು. ನಾಟಿಯ ಕಾಲದಲ್ಲಿ ಇಂತಹ ಒಂದು ಸಾಮಾನಿಗಾಗಿ ಪೇಟೆಗೆ ಓಡಾಡುವುದರಲ್ಲಿ ಎರಡು ದಿನ ವ್ಯರ್ಥವಾಗುತ್ತದೆ.

ನಾಲ್ಕು: ದುರಸ್ತಿಯಾದ ಯಂತ್ರವು ಒಡೆಯನ ಗದ್ದೆ ಮುಗಿದ ಮೇಲೆ ಯಾರ ಗದ್ದೆಗೆ, ಯಾವ ಬಾಡಿಗೆಗೆ ಹೋಗಬೇಕೆಂಬುದನ್ನು ಮುಂಗಾರಿಗೆ ಮುಂಚೆಯೇ ಗೊತ್ತುಮಾಡಿ ಬರೆದಿಡಬೇಕು. ಸರದಿಯಲ್ಲಿ ಸಣ್ಣ ಹಿಡುವಳಿದಾರನ ಹೆಸರು ಕಡೆಯಲ್ಲಿ ಬೀಳದಂತೆ ನೋಡಿಕೊಳ್ಳುವುದು ಮುಖಂಡರ ಹೊಣೆ.

ಉಳಿದದ್ದು ಆರೈಕೆಯ ಮಾತು. ಕೆಸರಿನ ಕೆಲಸ ಮುಗಿದ ದಿನವೇ ಯಂತ್ರವನ್ನು ತೊಳೆದು, ನೀರಿನ ತೊಟ್ಟಿಯನ್ನು ಬರಿದುಮಾಡಿ, ಅಲಗುಗಳಿಗೆ ಎಣ್ಣೆ ಸವರಿ, ಟೈರುಗಳ ಭಾರ ಇಳಿಯುವಂತೆ ದಿಮ್ಮಿಯ ಮೇಲೆ ನಿಲ್ಲಿಸಬೇಕು. ಎಂಜಿನನ್ನು ಕೈಯಿಂದ ತಿರುವಿ, ಕಂಪ್ರೆಷನ್ ಬಿಗಿಯಾದ ಸ್ಥಾನದಲ್ಲಿ ಬಿಟ್ಟರೆ ಎರಡು ವಾಲ್ವುಗಳೂ ಮುಚ್ಚಿಕೊಂಡು ಮಳೆಗಾಲದ ತೇವವು ಒಳಹೊಗುವುದಿಲ್ಲ. ಆಯುಧಪೂಜೆಯ ದಿನ ಟಿಲ್ಲರಿಗೆ ಕುಂಕುಮ ಹಚ್ಚಿ ಕುಂಬಳಕಾಯಿ ಒಡೆಯುವ ಮನೆಗಳು ನಮ್ಮಲ್ಲಿ ಬಹಳ. ಅದರ ಹಿಂದಿನ ದಿನವೇ ಎಂಜಿನಿನ ಎಣ್ಣೆ ಬದಲಿಸಿ, ಶೋಧಕ ತೊಳೆಯುವುದನ್ನೂ ಪೂಜೆಯ ಅಂಗವನ್ನಾಗಿ ಮಾಡಿಕೊಂಡರೆ, ವರ್ಷಕ್ಕೊಂದು ಸಲದ ಈ ಕೆಲಸವು ಯಾರೂ ನೆನಪಿಸದೆಯೇ ನಡೆದುಹೋಗುತ್ತದೆ.

ಮುಂಗಾರಿಗೆ ಇನ್ನೂ ಕಾಲಾವಕಾಶವಿರುವಾಗಲೇ ಗ್ರಾಮದ ಮುಖಂಡರು ಈ ವಿಷಯವನ್ನು ಊರಿನ ಸಭೆಯಲ್ಲಿ ಎತ್ತಬೇಕೆಂದು ವಿನಂತಿಸುತ್ತೇನೆ. ಯಾದಿ ಸಿದ್ಧಪಡಿಸಿ ಕರೆಕಳುಹಿಸಿದ ಊರುಗಳಿಗೆ ಬಂದು, ಯಂತ್ರಗಳನ್ನು ಪರೀಕ್ಷಿಸಿ, ಯಾವುದನ್ನು ಉಳಿಸಬಹುದು, ಯಾವುದನ್ನು ಬಿಡಬೇಕೆಂದು ತಿಳಿಸುವುದು ನಮ್ಮಂತಹ ಇನ್‌ಸ್ಪೆಕ್ಟರುಗಳ ಕರ್ತವ್ಯವೆಂದೇ ನಾನು ಭಾವಿಸಿದ್ದೇನೆ. ಕಾರಹುಣ್ಣಿಮೆಯ ಹೊತ್ತಿಗೆ ಒಂದೊಂದು ಊರಿನಲ್ಲಿ ಒಂದೊಂದು ಹಳೆಯ ಟಿಲ್ಲರು ನಡೆದರೂ, ಆ ವರ್ಷದ ನಾಟಿಯಲ್ಲಿ ಕೆಲವು ಮನೆಗಳ ಸಸಿಯಾದರೂ ಮಡಿಯಲ್ಲಿ ಮುದಿಯಾಗದೆ ಸಕಾಲಕ್ಕೆ ಗದ್ದೆ ಸೇರುವುದು.